ಒಂದೇ ಸ್ಟೋರೇಜನ್ನು ಎರಡು ಸರ್ವರ್‌ಗಳಿಗೆ ಮೌಂಟ್ ಮಾಡಿದ್ದೀರಾ? ಇವತ್ತೇ ನೋಡಿ

ನಿಮ್ಮ ಆಫೀಸಿನಲ್ಲಿ ಎರಡು ಸರ್ವರ್, ಅವೆರಡಕ್ಕೂ ಸೇರಿ ಒಂದು ಸ್ಟೋರೇಜ್ ಬಾಕ್ಸ್, ಅದರ ಮೇಲೆ ವರ್ಚುವಲ್ ಮಷಿನ್‌ಗಳು (ಸರ್ವರ್ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್‌ಗಳು) ಇದ್ದರೆ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಆ ಡಿಸ್ಕನ್ನು ಯಾವ ಫೈಲ್‌ಸಿಸ್ಟಮ್‌ನಲ್ಲಿ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಫಾರ್ಮ್ಯಾಟ್ ಮಾಡಿದ್ದಾರೆ? ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಅಂತ ಉತ್ತರ ಬಂತು, ಅದು ಎರಡೂ ಸರ್ವರ್‌ಗಳಲ್ಲಿ ಒಟ್ಟಿಗೆ ಮೌಂಟ್ ಆಗಿದೆ, ಅಂದರೆ ಬಳಸಲು ತೆರೆದಿದೆ ಅಂತಾದರೆ ನಿಮ್ಮ ಡೇಟಾ ಈಗಾಗಲೇ ಹಾಳಾಗುತ್ತಿರಬಹುದು. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ನಮಗೂ ಗೊತ್ತಾಗಿರಲಿಲ್ಲ.

ನಾನು ಮಂಗಳೂರು ಬಂದರಿನ ಒಂದು ಸಗಟು ವ್ಯಾಪಾರದ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಗೋದಾಮು ಬೈಕಂಪಾಡಿಯಲ್ಲಿದೆ, ಉಡುಪಿಯಲ್ಲಿ ಒಂದು ಬ್ರಾಂಚ್ ಇದೆ. ಲೆಕ್ಕಪತ್ರ, ಬಿಲ್ಲಿಂಗ್, ಫೈಲ್ ಸರ್ವರ್ ಎಲ್ಲವೂ ವರ್ಚುವಲ್ ಮಷಿನ್‌ಗಳಲ್ಲೇ ಓಡುವುದು. ಹೊಸ ಸರ್ವರ್‌ಗಳನ್ನೂ ಸ್ಟೋರೇಜನ್ನೂ ಹಾಕಿಕೊಟ್ಟದ್ದು ಹೊರಗಿನ ಒಂದು ಕಂಪನಿ. ಐಸ್ಕಸಿ (iSCSI, ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡುವ ವಿಧಾನ) ಮೂಲಕ ಒಂದೇ ಡಿಸ್ಕನ್ನು ಎರಡೂ ಸರ್ವರ್‌ಗಳಿಗೆ ಕೊಟ್ಟರು. ಇಎಕ್ಸ್‌ಟಿ4ನಲ್ಲಿ ಫಾರ್ಮ್ಯಾಟ್ ಮಾಡಿದರು. ಎರಡರಲ್ಲೂ ಮೌಂಟ್ ಮಾಡಿಟ್ಟು ಹೋದರು. "ಒಂದು ಸರ್ವರ್ ಬಿದ್ದರೆ ಇನ್ನೊಂದರಲ್ಲಿ ಆನ್ ಮಾಡಿ ಸರ್, ಅಷ್ಟೇ" ಎಂದರು. ಎರಡೂ ಕಡೆ ಒಟ್ಟಿಗೆ ಬರೆದರೆ ತೊಂದರೆ ಇಲ್ಲವಾ ಎಂದು ನಾನು ಕೇಳಿದ್ದೆ. "ಬೇರೆ ಬೇರೆ ಫೋಲ್ಡರ್ ಅಲ್ವಾ ಸರ್, ಏನೂ ಆಗಲ್ಲ" ಎಂಬ ಉತ್ತರ ಬಂತು.

ಆ ಉತ್ತರ ಪೂರ್ತಿ ತಪ್ಪು. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ಮಾತನ್ನು ನಿಮಗೂ ಯಾರಾದರೂ ಹೇಳಬಹುದು.

ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಎನ್‌ಟಿಎಫ್‌ಎಸ್ ಇವೆಲ್ಲ ಒಂದೇ ಯಂತ್ರಕ್ಕಾಗಿ ಮಾಡಿದವು. ಡಿಸ್ಕಿನಲ್ಲಿ ಎಲ್ಲಿ ಜಾಗ ಖಾಲಿ ಇದೆ, ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಈ ಡಿಸ್ಕನ್ನು ಬೇರೆ ಯಾರೂ ಮುಟ್ಟುವುದಿಲ್ಲ ಎಂದೇ ಅದರ ನಂಬಿಕೆ. ಗೋದಾಮಿನ ಸ್ಟಾಕ್ ಬುಕ್ಕಿನ ಒಂದೊಂದು ಪ್ರತಿಯನ್ನು ಇಬ್ಬರು ಗುಮಾಸ್ತರು ಇಟ್ಟುಕೊಂಡು, ಒಬ್ಬರನ್ನೊಬ್ಬರು ಕೇಳದೆ ಮಾಲು ಇಳಿಸಿದರೆ ಏನಾಗುತ್ತದೆ? ಖಾಲಿ ಇದೆ ಎಂದು ಇಬ್ಬರೂ ಒಂದೇ ಜಾಗ ತೋರಿಸುತ್ತಾರೆ. ಇಲ್ಲಿ ಒಂದರ ಮೇಲೆ ಇನ್ನೊಂದು ಬಿದ್ದರೆ ಅಡಿಯದ್ದು ಅಳಿಸಿಯೇ ಹೋಗುತ್ತದೆ. ಫೋಲ್ಡರ್ ಬೇರೆ ಇದ್ದರೂ ಖಾಲಿ ಜಾಗದ ಲೆಕ್ಕ ಒಂದೇ, ಬದಲಾವಣೆಗಳನ್ನು ಮೊದಲು ಬರೆದಿಡುವ ಜರ್ನಲ್ ಕೂಡ ಒಂದೇ. ಒಂದು ಸರ್ವರ್‌ನಲ್ಲಿ ಮೌಂಟ್ ಆಗಿರುವ ಡಿಸ್ಕನ್ನು ಇನ್ನೊಂದು ಮೌಂಟ್ ಮಾಡಿದಾಗ, ಹಿಂದಿನ ಬಾರಿ ಸರಿಯಾಗಿ ಮುಚ್ಚಿಲ್ಲ ಎಂದುಕೊಂಡು ಅದು ಜರ್ನಲ್ ರಿಪ್ಲೇ ಮಾಡಲು, ಅಂದರೆ ಅದರಲ್ಲಿರುವುದನ್ನು ಡಿಸ್ಕಿಗೆ ಮತ್ತೆ ಬರೆಯಲು ಶುರು ಮಾಡುತ್ತದೆ. ರೀಡ್-ಓನ್ಲಿ ಮೌಂಟ್ ಮಾಡಿದರೂ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಸುಮ್ನೆ ನೋಡಲಿಕ್ಕೆ ಮಾತ್ರ ಮೌಂಟ್ ಮಾಡಿದ್ದೇವೆ ಎನ್ನುವವರು ಇದನ್ನು ಗಮನಿಸಬೇಕು.

ನಮ್ಮಲ್ಲಿ ಮೊದಲು ಏನೂ ಆಗಲಿಲ್ಲ. ಮಷಿನ್‌ಗಳೆಲ್ಲ ಮೊದಲ ಸರ್ವರ್‌ನಲ್ಲೇ ಇದ್ದವು, ಎರಡನೆಯದು ಸುಮ್ಮನೆ ಕೂತಿತ್ತು. ಲೋಡ್ ಜಾಸ್ತಿ ಆಯಿತೆಂದು ಅದೇ ಕಂಪನಿಯವರು ಬಂದು ಬಿಲ್ಲಿಂಗ್ ಮಷಿನನ್ನು ಎರಡನೆಯ ಸರ್ವರ್‌ಗೆ ಹಾಕಿದರು. ಹಾಳಾಗಲು ಶುರುವಾದದ್ದು ಅಲ್ಲಿಂದ.

ಸೂಚನೆಗಳು ಸಣ್ಣವು. ಒಂದು ಸರ್ವರ್‌ನಲ್ಲಿ ಹಾಕಿದ ಫೈಲ್ ಇನ್ನೊಂದರಲ್ಲಿ ಕಾಣುತ್ತಿರಲಿಲ್ಲ. ಕೇಳಿದರೆ "ರೀಮೌಂಟ್ ಮಾಡಿ, ಬರುತ್ತದೆ" ಎಂದರು. ಖಾಲಿ ಜಾಗ ಎಷ್ಟಿದೆ ಎಂದು ನೋಡಿದರೆ ಎರಡು ಸರ್ವರ್ ಎರಡು ಲೆಕ್ಕ ಹೇಳುತ್ತಿದ್ದವು. ಒಂದೇ ಡಿಸ್ಕಿಗೆ ಎರಡು ಲೆಕ್ಕ ಹೇಗೆ ಬರುತ್ತದೆ? ದಯವಿಟ್ಟು ನಿಮ್ಮಲ್ಲೂ ಇದನ್ನು ಹೋಲಿಸಿ ನೋಡಿ. ಒಂದು ನಿಮಿಷದ ಕೆಲಸ. ಸ್ವಲ್ಪ ಹೊತ್ತಾದರೂ ಲೆಕ್ಕ ತಾಳೆಯಾಗದಿದ್ದರೆ ಮುಂದೆ ಬರೆದದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಮಳೆಗಾಲದ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಒಂದು ಸಂಜೆ ಕರೆಂಟು ಹೋಗಿ ಬಂತು. ಸರ್ವರ್‌ಗಳು ಮತ್ತೆ ಶುರುವಾದವು. ಬೆಳಿಗ್ಗೆ ಅಕೌಂಟ್ಸ್ ವಿಭಾಗದ ಅಕ್ಕ ಫೋನ್ ಮಾಡಿದರು: "ಲೆಡ್ಜರ್ ತೆರೆಯುವುದೇ ಇಲ್ಲ ಮಾರಾಯ್ರೇ, ಎಂತದೋ ಎರರ್ ಬರ್ತಾ ಉಂಟು." ಆ ಮಷಿನ್ ಬೂಟ್ ಆಗುತ್ತಿತ್ತು, ಡೇಟಾಬೇಸ್ ಏಳುತ್ತಿರಲಿಲ್ಲ. ಫೈಲ್ ಸರ್ವರ್ ರೀಡ್-ಓನ್ಲಿ ಆಗಿ ನಿಂತಿತ್ತು. ಲೆಕ್ಕಪತ್ರದ ಮಷಿನಿನ ಡಿಸ್ಕ್ ಇಮೇಜನ್ನು (ಆ ಮಷಿನಿನ ಇಡೀ ಡಿಸ್ಕ್ ಇರುವ ಫೈಲ್) ಬಿಚ್ಚಿ ನೋಡಿದಾಗ ನನಗೆ ಕಂಡದ್ದು ಬಿಲ್ಲಿಂಗ್ ಮಷಿನಿನ ಲಾಗ್ ಸಾಲುಗಳು. ಒಂದು ಮಷಿನಿನ ಹೊಟ್ಟೆಯೊಳಗೆ ಇನ್ನೊಂದರ ಬರಹ. ಎರಡೂ ಸರ್ವರ್‌ಗಳು ಅದೇ ಬ್ಲಾಕ್‌ಗಳನ್ನು ಬಳಸಿಕೊಂಡಿದ್ದವು.

ಕರೆಂಟು ಹೋದದ್ದರಿಂದ ಹೀಗಾಯಿತು ಎಂದು ಆ ಕಂಪನಿಯವರು ಕೊನೆಯವರೆಗೂ ವಾದಿಸಿದರು. ಅಲ್ಲ. ಕರೆಂಟು ಹೋದದ್ದರಿಂದ ಕಣ್ಣಿಗೆ ಬಿತ್ತು, ಅಷ್ಟೇ. ಒಂದೇ ಸರ್ವರ್ ಬಳಸುತ್ತಿದ್ದ ಡಿಸ್ಕಾಗಿದ್ದರೆ ಜರ್ನಲ್ ಇದ್ದ ಕಾರಣ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಿತ್ತು. ಮೆಮೊರಿಯಲ್ಲಿದ್ದ ತಪ್ಪು ಲೆಕ್ಕದಿಂದ ಅಷ್ಟು ದಿನ ಸರಿ ಇದ್ದಂತೆ ಕಾಣುತ್ತಿತ್ತು. ರೀಬೂಟ್ ಆದ ಮೇಲೆ ಡಿಸ್ಕಿನಲ್ಲಿ ನಿಜವಾಗಿ ಏನಿದೆ ಎಂಬುದು ಎದುರಿಗೆ ಬಂತು.

ಹಲವು ಡಿಸ್ಕ್‌ಗಳನ್ನು ಸೇರಿಸಿ ಬಳಸುವ ರೇಡ್ ಇದೆಯಲ್ಲ ಎಂದು ಸಮಾಧಾನ ಹೇಳಿದವರೂ ಇದ್ದರು. ಡಿಸ್ಕ್ ಕೆಟ್ಟರೆ ರೇಡ್ ಕಾಯುತ್ತದೆ. ಹಾಳಾದ ಡೇಟಾವನ್ನೂ ಅದು ಅಷ್ಟೇ ನಿಷ್ಠೆಯಿಂದ ಎರಡು ಪ್ರತಿ ಬರೆಯುತ್ತದೆ. ಇನ್ನು ಬ್ಯಾಕಪ್. ರಾತ್ರಿ ಬ್ಯಾಕಪ್ ಹಸಿರು ಟಿಕ್ ತೋರಿಸುತ್ತಲೇ ಇತ್ತು, ಆದರೆ ಅದು ಪ್ರತಿ ಮಾಡುತ್ತಿದ್ದದ್ದು ಹಾಳಾದ ಇಮೇಜನ್ನೇ. ನಮಗೆ ಉಳಿದದ್ದು ಬಿಲ್ಲಿಂಗ್ ಮಷಿನನ್ನು ಸ್ಥಳಾಂತರಿಸುವ ಮೊದಲಿನ ಒಂದು ಹಳೆಯ ಪ್ರತಿ ಮತ್ತು ಕಾಗದದ ವೋಚರುಗಳು. ಬಂದರಿನವರೂ ಉಡುಪಿ ಬ್ರಾಂಚಿನವರೂ ಸೇರಿ ಅವನ್ನೆಲ್ಲ ಮತ್ತೆ ಟೈಪ್ ಮಾಡಿದರು. ಜಿಎಸ್‌ಟಿ ರಿಟರ್ನ್ ಹತ್ತಿರ ಬರುತ್ತಿದ್ದಾಗ ಆ ಜನರ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು.

ಹಾಗಾದರೆ ಸರಿಯಾದ ದಾರಿ ಯಾವುದು? ಚಿಕ್ಕ ಆಫೀಸುಗಳಿಗೆ ನಾನು ಹೇಳುವುದು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವಿಧಾನ). ಅಲ್ಲಿ ಫೈಲ್‌ಸಿಸ್ಟಮ್ ಸ್ಟೋರೇಜ್ ಬಾಕ್ಸಿನ ಒಬ್ಬನ ಕೈಯಲ್ಲಿರುತ್ತದೆ, ಸರ್ವರ್‌ಗಳು ಅದನ್ನು ಕೇಳಿ ಬರೆಯುತ್ತವೆ. ನಾವೂ ಈಗ ಇದನ್ನೇ ಬಳಸುತ್ತಿದ್ದೇವೆ. ಸ್ಟೋರೇಜ್ ಕಡೆಯ ಎಕ್ಸ್‌ಪೋರ್ಟ್ ಸಿಂಕ್ (ಡಿಸ್ಕಿಗೆ ಬರೆದ ಮೇಲೇ ಆಯಿತು ಎನ್ನುವುದು) ಇರಲಿ, ಸರ್ವರ್ ಕಡೆಯ ಮೌಂಟ್ ಹಾರ್ಡ್ (ಉತ್ತರ ಬರುವವರೆಗೂ ಬಿಡದೆ ಪ್ರಯತ್ನಿಸುವುದು) ಇರಲಿ. ವೇಗಕ್ಕೆಂದು ಅಸಿಂಕ್ ಹಾಕಿದರೆ, ಸ್ಟೋರೇಜ್ ಬಿದ್ದಾಗ ಬರೆದಾಯಿತು ಎಂದು ಹೇಳಿದ ಡೇಟಾ ಕೂಡ ಹೋಗಬಹುದು. ಸಾಫ್ಟ್ ಮೌಂಟ್‌ನಲ್ಲಿ ನೆಟ್‌ವರ್ಕ್ ತಡವಾದರೆ ಬರಹ ಅರ್ಧದಲ್ಲೇ ನಿಲ್ಲುತ್ತದೆ.

ಮೊದಲಿನಂತೆ ಡಿಸ್ಕನ್ನೇ ನೇರವಾಗಿ (ಬ್ಲಾಕ್ ಡಿಸ್ಕ್) ಕೊಡಬೇಕು ಎನ್ನುವವರಿಗೆ, ಹಲವು ಸರ್ವರ್‌ಗಳು ಒಟ್ಟಿಗೆ ಬಳಸಲೆಂದೇ ಮಾಡಿದ ಜಿಎಫ್‌ಎಸ್2, ಓಸಿಎಫ್‌ಎಸ್2 ಫೈಲ್‌ಸಿಸ್ಟಮ್‌ಗಳು ಇವೆ. ಎರಡೂ 2006ರಲ್ಲೇ ಲಿನಕ್ಸ್ ಕರ್ನಲ್‌ಗೆ ಸೇರಿದವು. ವಿಎಂವೇರ್ ಬಳಸುವವರಿಗೆ ಅದರದೇ ಫೈಲ್‌ಸಿಸ್ಟಮ್ ವಿಎಂಎಫ್‌ಎಸ್ ತಾನೇ ಲಾಕ್ ನೋಡಿಕೊಳ್ಳುತ್ತದೆ. ಜಿಎಫ್‌ಎಸ್2 ಹಾಕಿದರೆ ಫೆನ್ಸಿಂಗ್ (ಸಂಪರ್ಕ ತಪ್ಪಿದ ಸರ್ವರನ್ನು ಬಲವಂತವಾಗಿ ಹೊರಗಿಡುವುದು) ಬಿಡಲೇಬೇಡಿ. ಒಂದು ಸರ್ವರ್ ನೆಟ್‌ವರ್ಕಿನಿಂದ ಕಡಿದು ಹೋದರೂ ಸ್ಟೋರೇಜಿಗೆ ಬರೆಯುತ್ತಲೇ ಇರಬಹುದು. ಅದು ಸತ್ತಿದೆ ಎಂದುಕೊಂಡು ಇನ್ನೊಂದು ಸರ್ವರ್ ಅದೇ ಮಷಿನನ್ನು ಆನ್ ಮಾಡಿದರೆ ಕಥೆ ಮುಗಿಯಿತು. ಅದಕ್ಕೇ ಮೊದಲು ಕಡಿದು ಹೋದ ಸರ್ವರ್‌ನ ಪವರ್ ಕಡಿಯಬೇಕು. ಎರಡೇ ಸರ್ವರ್ ಇದ್ದರೆ ಕೋರಂಗೆ (ಯಾವ ಸರ್ವರ್ ಮುಂದುವರಿಯಬೇಕು ಎಂಬ ಬಹುಮತಕ್ಕೆ) ಮೂರನೆಯ ಮತ ಎಲ್ಲಿಂದ ಎಂದೂ ಕೇಳಿ. ನೆಟ್‌ವರ್ಕ್ ಸ್ವಿಚ್ಚನ್ನು ಯುಪಿಎಸ್‌ಗೆ ಹಾಕಿದ್ದಾರಾ ಎಂದು ನೋಡಿ. ನಮ್ಮ ಕರಾವಳಿಯ ಸಿಡಿಲಿನ ದಿನಗಳಲ್ಲಿ ಸರ್ವರ್‌ಗಿಂತ ಮೊದಲು ಅದೇ ಬೀಳುವುದು.

ಕೆಲವರು ವರ್ಚುವಲ್ ಮಷಿನ್ ಓಡಿಸುವ ಕ್ಯೂಎಮು ತಾನೇ ಇಮೇಜ್ ಲಾಕ್ ಮಾಡುತ್ತದಲ್ಲ ಎನ್ನುತ್ತಾರೆ. ನಿಜ, 2017ರ 2.10 ಆವೃತ್ತಿಯಿಂದ ಮಾಡುತ್ತದೆ. ಆದರೆ ನಮ್ಮಂಥ ಸೆಟಪ್‌ನಲ್ಲಿ ಆ ಲಾಕ್ ಒಂದು ಸರ್ವರ್‌ನ ಕರ್ನಲ್ ಒಳಗೆ ಮಾತ್ರ. ಪಕ್ಕದ ಸರ್ವರ್‌ಗೆ ಅದು ಕಾಣುವುದೇ ಇಲ್ಲ. ಇಎಕ್ಸ್‌ಟಿ4ನಲ್ಲಿ ಎಂಎಂಪಿ ಎಂಬ ಕಾವಲು ಇದೆ. ಅದನ್ನು ಆನ್ ಮಾಡಿದರೆ ಎರಡನೆಯ ಸರ್ವರ್‌ನ ಮೌಂಟ್ ನಿರಾಕರಣೆ ಆಗುತ್ತದೆ. ಒಂದು ಸರ್ವರ್ ಬಿದ್ದಾಗ ಮಾತ್ರ ಇನ್ನೊಂದರಲ್ಲಿ ಮೌಂಟ್ ಮಾಡುವವರು ಇದನ್ನು ಖಂಡಿತ ಹಾಕಿಸಿಕೊಳ್ಳಿ. ಎಕ್ಸ್‌ಎಫ್‌ಎಸ್‌ಗೆ ಈ ಸೌಲಭ್ಯ ಇಲ್ಲ.

ಇದನ್ನು ಓದುತ್ತಿರುವಾಗಲೇ ನಿಮ್ಮಲ್ಲಿ ಎರಡೂ ಕಡೆ ಮೌಂಟ್ ಆಗಿದೆ ಎಂದು ಗೊತ್ತಾದರೆ, ಗಾಬರಿಯಲ್ಲಿ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಕಮಾಂಡ್) ಓಡಿಸಬೇಡಿ. ಇನ್ನೊಂದು ಸರ್ವರ್‌ನಲ್ಲಿ ಮೌಂಟ್ ಆಗಿರುವಾಗ ರಿಪೇರಿ ಮಾಡಿದರೆ ಉಳಿದದ್ದೂ ಹೋಗುತ್ತದೆ. ಓಡುತ್ತಿರುವ ಮಷಿನ್‌ಗಳ ಒಳಗಿನಿಂದಲೇ ಡೇಟಾಬೇಸ್ ಡಂಪ್ (ಡೇಟಾದ ಪೂರ್ತಿ ಪ್ರತಿ) ತೆಗೆದು ಬೇರೆ ಡಿಸ್ಕಿಗೆ, ನೆಟ್‌ವರ್ಕ್ ಮೂಲಕ ಕಳಿಸಿ. ಆಮೇಲೆ ಮಷಿನ್‌ಗಳನ್ನು ನಿಲ್ಲಿಸಿ, ಎರಡೂ ಕಡೆ ಅನ್‌ಮೌಂಟ್ ಮಾಡಿ, ಇಡೀ ಡಿಸ್ಕಿನ ಕಚ್ಚಾ ಪ್ರತಿ ತೆಗೆದಿಡಿ. ರಿಪೇರಿಯ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ ಆಗಲಿ. ಮತ್ತೆ ರಾತ್ರಿಯ ಬ್ಯಾಕಪ್ ಜಾಬನ್ನು ಆಗಲೇ ನಿಲ್ಲಿಸಿಬಿಡಿ. ಅದು ಓಡುತ್ತಾ ಹೋದರೆ ಹಾಳಾದ ಹೊಸ ಪ್ರತಿಗಳಿಗೆ ಜಾಗ ಮಾಡಲು ಸರಿಯಾಗಿರುವ ಹಳೆಯ ಪ್ರತಿಯನ್ನು ಅಳಿಸುತ್ತದೆ.