ಒಣ ಚರ್ಮದ ತುರಿಕೆ: ಕೊಬ್ಬರಿ ಎಣ್ಣೆಯೋ, ಜೆಲ್ಲಿಯೋ, ಯೂರಿಯಾ ಕ್ರೀಮೋ?

ಡಿಸೆಂಬರ್ ಬಂತೆಂದರೆ ಅಮ್ಮನ ಮೊಣಕಾಲ ಕೆಳಗೆ ಉಗುರು ತಾಕಿದರೂ ಬಿಳಿ ಗೆರೆ ಮೂಡುತ್ತದೆ. ಜೊತೆಗೆ ತುರಿಕೆ. ಕೊಬ್ಬರಿ ಎಣ್ಣೆ ಮನೆಯಲ್ಲೇ ಇರುತ್ತದೆ, ಹಚ್ಚಲೂ ಹಗುರ. ಆದರೆ ತುಂಬಾ ಒಣಗಿದ ಕಾಲಿಗೆ ಸಾಲುವುದಿಲ್ಲ. ಪೆಟ್ರೋಲಿಯಂ ಜೆಲ್ಲಿ ಅಂಟಂಟು, ಬಟ್ಟೆಗೂ ಹತ್ತುತ್ತದೆ. ಆದರೂ ಚರ್ಮದ ನೀರು ಆರದಂತೆ ತಡೆಯುವುದರಲ್ಲಿ ಅದೇ ಮುಂದೆ. ಅದು ತಾನಾಗಿ ತೇವ ಕೊಡುವುದಿಲ್ಲ, ಇರುವುದನ್ನು ಹಿಡಿದಿಡುತ್ತದೆ. ಅದಕ್ಕೇ ಸ್ನಾನವಾದ ಕೂಡಲೇ, ಟವೆಲ್ಲಿನಿಂದ ಸುಮ್ನೆ ಒತ್ತಿ, ಮೈ ಇನ್ನೂ ಹಸಿಯಾಗಿರುವಾಗಲೇ ಹಚ್ಚಬೇಕು. ನೀರು ಉಗುರುಬೆಚ್ಚಗಿರಲಿ, ಜಾಸ್ತಿ ಬಿಸಿ ಬೇಡ. ಒರಟು ಹಿಮ್ಮಡಿಗೆ 10% ಯೂರಿಯಾ ಕ್ರೀಮ್ (ಗಟ್ಟಿ ಚರ್ಮ ಮೆದುಮಾಡುವ ಕ್ರೀಮ್, ಗೊಬ್ಬರವಲ್ಲ) ಮೇಲು, ಬಿರುಕಿದ್ದರೆ ಮಾತ್ರ ಉರಿಯುತ್ತದೆ. ಘಮಘಮ ಲೋಷನ್ ತುರಿಕೆ ಇರುವವರಿಗೆ ಬೇಡವೇ ಬೇಡ. ನಾನಂತೂ ಅಮ್ಮನಿಗೆ ರಾತ್ರಿ ಜೆಲ್ಲಿ, ಹಗಲು ಎಣ್ಣೆ ಹಚ್ಚುತ್ತೇನೆ. ಎರಡು ವಾರವಾದರೂ ತುರಿಕೆ ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.