ಮನೆ ಹತ್ತಿರದ ಮಹಡಿ ಜಿಮ್: ಒಂದು ವರ್ಷ ಹೋದ ಮೇಲೆ

ಚಿಕ್ಕಮಗಳೂರಲ್ಲಿ ಒಬ್ಬ ಕಾಫಿ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತೇನೆ. ಜನವರಿ ಕಳೆದು ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಬರೋಕೆ ಶುರುವಾದರೆ ಪುರುಸೊತ್ತೇ ಇಲ್ಲ. 50 ಕೆಜಿ ಚೀಲದ ಚೆರ್ರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. ಅದರ ಒಂದೊಂದು ಕೆಜಿಗೂ ಒಂದು ಪಾಯಿಂಟ್ ಅಂತ ಲೆಕ್ಕ; ಪಾಯಿಂಟಿನ ರೇಟಿಗೆ ಅದನ್ನು ಗುಣಿಸಿದರೆ ಒಂದು ಚೀಲಕ್ಕೆ ಬೆಳೆಗಾರರ ದುಡ್ಡು. ಹೋದ ವರ್ಷ ಮಧ್ಯಾಹ್ನ ಮೂರೂವರೆಗೆ, ಊಟದ ಮಂಪರಿನಲ್ಲಿ, 28 ಇದ್ದದ್ದನ್ನು 26 ಅಂತ ಬರೆದುಬಿಟ್ಟೆ. ಅರವತ್ತು ಚೀಲ, ಚೀಲಕ್ಕೆ ಎರಡು ಪಾಯಿಂಟ್. ಮಾರನೇ ದಿನ ಆ ಚೀಲಗಳ ಬೆಳೆಗಾರರು, ಒಬ್ಬ ಹಿರಿಯರು, ಚೀಟಿ ಹಿಡಿದು ಬಂದರು. ಜೋರು ಮಾಡಲಿಲ್ಲ. "ಸ್ವಲ್ಪ ನೋಡಿ ಮಗಾ" ಅಂದರು, ಅಷ್ಟೇ. ಆ ವಾರವೇ ಈ ಜಿಮ್ ಸೇರಿದೆ.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಎರಡು ಟ್ರೆಡ್‌ಮಿಲ್, ತಿಂಗಳಿಗೆ 800 ರೂಪಾಯಿ. ಆದರೆ ಟ್ರೇನರ್ ಬಂಗಾರದಂಥ ಹುಡುಗ. ತೂಕ ಕೇಳುವ ಮೊದಲು "ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಾ?" ಅಂತ ಕೇಳಿದ. ವಾರಕ್ಕೆ ಎರಡು ದಿನ ತೂಕ ಎತ್ತುವುದು, ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ ಅಂತ ಚಾರ್ಟ್ ಬರೆದುಕೊಟ್ಟ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ವಾರಕ್ಕೆ ಕನಿಷ್ಠ 150 ನಿಮಿಷ, ಅಲ್ವಾ? ಊಟ ಆದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೀರಿ ಅಂದ. ನಡೆಯುವಾಗ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತದಂತೆ, ಮಂಪರು ಕಡಿಮೆ ಆಗುತ್ತದಂತೆ. ನನಗಂತೂ ಹಾಗೇ ಆಯಿತು.

ಮೊದಲ ತಿಂಗಳು ಬರೀ ಮೈಕೈ ನೋವು. ಎರಡನೇ ತಿಂಗಳಿಗೆ ಗಾಢ ನಿದ್ದೆ ಬರತೊಡಗಿತು. ಈ ಸೀಸನ್ನಿನಲ್ಲಿ ಮೂರೂವರೆಯ ಚೀಟಿಗಳನ್ನೂ ಬೆಳಗಿನ ಚೀಟಿಗಳಂತೆಯೇ ಒಂದೇ ಓಟಕ್ಕೆ ಮುಗಿಸುತ್ತಿದ್ದೇನೆ. ಟ್ಯಾಲಿ ಆಗದೆ ರಾತ್ರಿ ಎಂಟರವರೆಗೆ ಕೂತದ್ದು ಇಲ್ಲಿಯವರೆಗೆ ಒಂದೇ ಸಲ.

ಕೊರತೆಗಳೂ ಇವೆ. ಜುಲೈ ಮಳೆಗೆ ಗೋಡೆ ತೇವ ಹಿಡಿದು ಮ್ಯಾಟುಗಳೆಲ್ಲ ಮುಗ್ಗಲು ವಾಸನೆ. ರಾಡುಗಳಿಗೆ ತುಕ್ಕು. ಸಂಜೆ ಜನ ಜಾಸ್ತಿ, ಸುಮ್ನೆ ಕಾಯಬೇಕು. ಇದಕ್ಕಿಂತ ಬೇಜಾರಿನ ವಿಷಯ, ಹೆಂಗಸರಿಗೆ ಇಟ್ಟಿರುವುದು ಬೆಳಿಗ್ಗೆ ಹತ್ತರಿಂದ ಹನ್ನೊಂದು ಮಾತ್ರ. ಕೆಲಸಕ್ಕೆ ಹೋಗುವವರು ಆಗ ಹೇಗೆ ಬರಬೇಕು? ನನ್ನ ಹೆಂಡತಿ ಟೀಚರ್, ದಿನವಿಡೀ ನಿಂತೇ ಪಾಠ ಮಾಡುತ್ತಾಳೆ, ಅವಳ ಸೊಂಟಕ್ಕೆ ಇದು ನನಗಿಂತ ಹೆಚ್ಚು ಬೇಕು. ಆರರಿಂದ ಏಳು ಅವರಿಗೆ ಬಿಟ್ಟುಕೊಡಿ, ನಾನು ಐದಕ್ಕೇ ಬರುತ್ತೇನೆ ಅಂತ ಮಾಲೀಕರಿಗೆ ಹೇಳಿದ್ದೇನೆ. ಯುಗಾದಿ ಕಳೆಯಲಿ, ನೋಡೋಣ ಅಂದಿದ್ದಾರೆ.