ಹಾಡಿನೊಳಗೆ ತಬಲಾ ಸೋರದಂತೆ: ಸೆನ್‌ಹೈಸರ್ ಎಚ್‌ಡಿ 280 ಪ್ರೊ ಜೊತೆ ನಾಲ್ಕು ವರ್ಷ

ತುಮಕೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಭಾವಗೀತೆ ಮತ್ತು ದೇವರನಾಮಗಳನ್ನು ಧ್ವನಿಮುದ್ರಿಸುತ್ತೇನೆ. ಸಂಜೆ ಅಲ್ಲಿಯೇ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಈ ಹೆಡ್‌ಫೋನ್ ಕೊಂಡು ನಾಲ್ಕು ವರ್ಷವಾಯಿತು. ಕಿವಿಯಲ್ಲಿ ಕೇಳುತ್ತಿರುವ ತಬಲಾ ಮತ್ತು ತಂಬೂರಿಯ ನಾದ ಮೈಕಿನೊಳಗೆ ಹೋಗಬಾರದು ಎಂಬ ಒಂದೇ ಕಾರಣಕ್ಕೆ ಇದನ್ನು ಕೊಂಡೆ.

ಮೊದಲು ನನ್ನಲ್ಲಿದ್ದದ್ದು ಹಿಂಬದಿಯಲ್ಲಿ ಜಾಲರಿಯಿರುವ ಓಪನ್ ಬ್ಯಾಕ್ ಮಾದರಿ. ಕೇಳಲು ಬಹಳ ಹಿತವಾಗಿತ್ತು, ಆದರೆ ಪಲ್ಲವಿ ಮುಗಿದು ಚರಣ ಎತ್ತಿಕೊಳ್ಳುವ ನಡುವಿನ ಮೌನದಲ್ಲಿ ತಬಲಾದ ಪೆಟ್ಟುಗಳು ಎಣಿಸುವಷ್ಟು ಸ್ಪಷ್ಟವಾಗಿ ಬರುತ್ತಿದ್ದವು. ಮಿಕ್ಸಿಂಗ್ ಮಾಡಿಕೊಡುವ ನನ್ನ ತಮ್ಮ, "ಅಕ್ಕಾ, ನಿನ್ನ ಧ್ವನಿಯ ಟ್ರ್ಯಾಕಿನಲ್ಲಿ ತಬಲಾನೂ ಸೇರಿಬಿಟ್ಟಿದೆ, ಇದನ್ನ ತೆಗೆಯೋಕಾಗಲ್ಲ" ಎಂದ. ಮೌನದ ಜಾಗವನ್ನು ಕತ್ತರಿಸಬಹುದು. ಧ್ವನಿಯ ಅಡಿಯಲ್ಲೇ ಕುಳಿತ ಸದ್ದನ್ನು ಕತ್ತರಿಸಲಾಗದು. ಜೋರು ದನಿ ಮತ್ತು ಮೆಲುದನಿಯ ಅಂತರ ತಗ್ಗಿಸುವ ಕಂಪ್ರೆಸರ್ ಬಳಸಿ ಮೆಲುದನಿಯನ್ನು 10 ಡೆಸಿಬಲ್ ಎತ್ತಿದರೆ ಅಲ್ಲಿ ಸೋರಿದ ಸದ್ದೂ ಅಷ್ಟೇ ಮೇಲೇಳುತ್ತದೆ. ತಂಬೂರಿಯದು ಇನ್ನೂ ಕಷ್ಟ: ಒಂದು ಸ್ವರವನ್ನು ತಿದ್ದಲು ಹೋದರೆ ಅದರೊಂದಿಗೆ ಸೋರಿದ ಶ್ರುತಿಯೂ ಜಾರುತ್ತದೆ.

280 ಪ್ರೊ ಹಿಂಬದಿ ಮುಚ್ಚಿದ, ಕಿವಿಯನ್ನು ಸುತ್ತುವರಿಯುವ ಹೆಡ್‌ಫೋನ್. ಹೊರಗಿನ ಸದ್ದನ್ನು ಗರಿಷ್ಠ 32 ಡೆಸಿಬಲ್‌ವರೆಗೆ ತಗ್ಗಿಸುತ್ತದೆ ಎನ್ನುವುದು ತಯಾರಕರ ಮಾತು. ನನಗೆ ಬೇಕಿದ್ದದ್ದು ಒಳಗಿನ ಸದ್ದು ಹೊರಗೆ ಹೋಗದಿರುವುದು. ಆದರೆ ಎರಡನ್ನೂ ತಡೆಯುವುದು ಅದೇ ಮುಚ್ಚಿದ ಬಟ್ಟಲು, ಅದೇ ಮೆತ್ತೆ, ಅದೇ ಬಿಗಿ ಹಿಡಿತ. ಮೊದಲ ದಿನವೇ ವ್ಯತ್ಯಾಸ ಕೇಳಿಸಿತು.

ಆದರೂ ಸೋರಿಕೆ ಪೂರ್ತಿ ನಿಲ್ಲಲಿಲ್ಲ, ಮತ್ತು ಕಾರಣ ಹುಡುಕಲು ನನಗೆ ಹಲವು ವಾರ ಹಿಡಿಯಿತು. ಮೈಕಿನ ಮುಂದೆ ಹಾಡುವ ಭಂಗಿಯಲ್ಲೇ ಬಾಯಿ ಮುಚ್ಚಿ ನಿಂತು, ಹಾಡುವಾಗಿನ ವಾಲ್ಯೂಮಿನಲ್ಲೇ ಟ್ರ್ಯಾಕ್ ಓಡಿಸಿ, ಒಂದು ನಿಮಿಷ ಮುದ್ರಿಸಿಕೊಂಡೆ. ಆಮೇಲೆ ಜುಮುಕಿ ತೆಗೆದು ಒಮ್ಮೆ, ಕನ್ನಡಕವನ್ನೂ ತೆಗೆದು ಇನ್ನೊಮ್ಮೆ ಅದನ್ನೇ ಮಾಡಿದೆ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದ ಸಣ್ಣ ಸಂದೇ ದೊಡ್ಡ ದೋಷವೆಂದು ಅಂದು ತಿಳಿಯಿತು. ಸಂದು ಬಿಟ್ಟರೆ ಮಂದ್ರದ ಸದ್ದು ಕಿವಿಗೆ ತೆಳುವಾಗುತ್ತದೆ, ಅದನ್ನು ತುಂಬಿಕೊಳ್ಳಲು ನಾವು ವಾಲ್ಯೂಮ್ ಏರಿಸುತ್ತೇವೆ, ಏರಿಸಿದಷ್ಟೂ ಇನ್ನಷ್ಟು ಸೋರುತ್ತದೆ. ಈಗ ಸಾಹಿತ್ಯವನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟು ಕನ್ನಡಕವಿಲ್ಲದೆ ಹಾಡುತ್ತೇನೆ. ಈ ಪರೀಕ್ಷೆಯನ್ನು ಯಾವ ಹೆಡ್‌ಫೋನ್ ಇರುವವರೂ ಮಾಡಿ ನೋಡಬೇಕು ಎಂಬುದು ನನ್ನ ಒತ್ತಾಯ.

ನಮ್ಮಂಥ ಹಾಡುಗಾರರಿಗೆ ಸ್ವಂತ ದನಿ ಕೇಳಲೆಂದು ಒಂದು ಕಿವಿ ತೆರೆದಿಟ್ಟುಕೊಳ್ಳುವ ಅಭ್ಯಾಸವಿದೆ. ಹಾಗೆ ತೆರೆದ ಬಟ್ಟಲು ನೇರವಾಗಿ ಕೋಣೆಗೆ ಸದ್ದು ಚೆಲ್ಲುತ್ತದೆ. ಆ ಬದಿಯ ಸದ್ದನ್ನು ಇಂಟರ್‌ಫೇಸಿನಲ್ಲೇ (ಮೈಕ್ ಮತ್ತು ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ನಿಲ್ಲಿಸಬೇಕು, ಅದಾಗದಿದ್ದರೆ ಬಟ್ಟಲನ್ನು ಕಿವಿಯ ಹಿಂದೆ ತಲೆಗೆ ಒತ್ತಿಡಬೇಕು. ಡೈರೆಕ್ಟ್ ಮಾನಿಟರಿಂಗ್‌ನಲ್ಲಿ, ಅಂದರೆ ಕಂಪ್ಯೂಟರನ್ನು ಸುತ್ತಿ ಬರದೆ ಇಂಟರ್‌ಫೇಸಿನಿಂದಲೇ ನೇರವಾಗಿ, ನನ್ನ ದನಿ ತಡವಿಲ್ಲದೆ ಕಿವಿಗೆ ಬರತೊಡಗಿದ ಮೇಲೆ ನನಗೆ ಆ ಅಭ್ಯಾಸವೇ ಬೇಡವಾಯಿತು.

ಮುಂಬದಿಯ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಇದ್ದರೆ ಸಾಕೆಂದು ಕೆಲವರು ಹೇಳುತ್ತಾರೆ. ಅಂಥ ಮೈಕ್ ತನ್ನ ಹಿಂಬದಿಯ ಸದ್ದನ್ನು ತಗ್ಗಿಸುವುದು ನಿಜ, ಆದರೆ ಹಾಡುವವರ ಬಾಯಿಯೂ ಕಿವಿಯೂ ಅದರ ಮುಂಬದಿಯಲ್ಲೇ ಇರುತ್ತವೆ. ಹತ್ತಿರ ನಿಲ್ಲುವುದರಿಂದ ಹೆಚ್ಚು ಪ್ರಯೋಜನವಿದೆ: 30 ಸೆಂಟಿಮೀಟರಿನಿಂದ 15ಕ್ಕೆ ಬಂದರೆ ಬಾಯಿಯ ಸದ್ದು ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಕಿವಿಯ ಬದಿಯದು ಅಷ್ಟು ಹೆಚ್ಚುವುದಿಲ್ಲ, ಆಗ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಬಹುದು. ಹತ್ತಿರದ ಉಸಿರಿನ ಹೊಡೆತ ಮೈಕಿಗೆ ತಾಗದಂತೆ ತಡೆಯುವ ಪಾಪ್ ಫಿಲ್ಟರ್ ಮಾತ್ರ ಇರಲೇಬೇಕು. ಲಯ ಹಿಡಿಯಲು ಕಿವಿಗೆ ಹಾಕಿಕೊಳ್ಳುವ ಕ್ಲಿಕ್ಕಿನ ಚೂಪಾದ ಬೀಪ್ ಬದಲು ಮೆತ್ತಗಿನ ಸದ್ದು ಹಾಕಿಕೊಂಡರೂ ಸಾಕಷ್ಟು ಸುಧಾರಿಸುತ್ತದೆ.

ಬಾಳಿಕೆಯ ವಿಷಯ. ಮುದ್ರಣಕ್ಕೆ ಫ್ಯಾನ್ ಆರಿಸಿ ಕಿಟಕಿ ಮುಚ್ಚುವುದರಿಂದ ಮಾರ್ಚ್, ಏಪ್ರಿಲ್‌ನಲ್ಲಿ ಕಿವಿಯ ಸುತ್ತ ಬೆವರು ಇಳಿಯುತ್ತದೆ. ಮೂರನೆಯ ವರ್ಷ ನನ್ನ ಬೆವರಿಗೆ ಮೆತ್ತೆ ಗಟ್ಟಿಯಾಗಿ, ಬಾಯಿ ಮುಚ್ಚಿ ನಿಂತ ಪರೀಕ್ಷೆಯಲ್ಲಿ ತಬಲಾ ಮತ್ತೆ ಕೇಳಿಸಿತು. ದಿನವೂ ಬಟ್ಟೆಯಿಂದ ಒರೆಸಿಡಬೇಕಿತ್ತು, ನಾನು ಒರೆಸಿರಲಿಲ್ಲ. ಮೆತ್ತೆಗಳು ಬಿಡಿಯಾಗಿ ಸಿಗುತ್ತವೆ, ಮನೆಯಲ್ಲೇ ಬದಲಿಸಬಹುದು. ಬದಲಿಸಿದ ಮೇಲೆ ಸದ್ದು ಮೊದಲಿನಂತೆ ನಿಂತಿತು.

ಚಿಕ್ಕ ಮಕ್ಕಳಿಗೆ ಮಾತ್ರ ನಾನು ಇದನ್ನು ಹಾಕುವುದಿಲ್ಲ. ಪುಟ್ಟ ತಲೆಗೆ ಪಟ್ಟಿಯನ್ನು ಎಷ್ಟು ಕುಗ್ಗಿಸಿದರೂ ಮೆತ್ತೆ ಕೆನ್ನೆಯ ಹತ್ತಿರ ಎದ್ದುಕೊಳ್ಳುತ್ತದೆ. ಅವರಿಗೆ ಅತಿ ಸಣ್ಣ ರಬ್ಬರ್ ತುದಿಯ ಇಯರ್‌ಫೋನ್ ಕೊಟ್ಟು, ವಾಲ್ಯೂಮನ್ನು ಮೊದಲು ನನ್ನ ಕಿವಿಯಲ್ಲೇ ಕೇಳಿ ತಗ್ಗಿಸಿ, ತಬಲಾ ಬಿಟ್ಟು ಶ್ರುತಿ ಮತ್ತು ಮೆತ್ತಗಿನ ತಾಳವನ್ನಷ್ಟೇ ಕೇಳಿಸುತ್ತೇನೆ.